ಕಾಲುವೆಯ ಈಚೆ ಹಸಿರು, ಆಚೆ ಬಿಸಿಲು

ಹೊಸಪೇಟೆಯಿಂದ ಹಂಪಿಗೆ ಹೋಗುವ ಬಸ್ಸು ಅನಂತಶಯನಗುಡಿಯನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಮಲಪನಗುಡಿ ಸಿಗುತ್ತದೆ. ಹಂಪಿಯನ್ನು ನೋಡುವ ಆತುರದಲ್ಲಿರುವವರು ಇಲ್ಲಿ ಇಳಿಯುವುದಿಲ್ಲ. ರಸ್ತೆಬದಿಯ ಚಹದ ಅಂಗಡಿ, ಎಳನೀರಿನ ರಾಶಿ, ಬಾಳೆಗೊನೆ ತುಂಬಿದ ಟ್ರ್ಯಾಕ್ಟರ್, ಕಬ್ಬಿನ ಗದ್ದೆ ಇವೆಲ್ಲ ಬಸ್ಸಿನ ಕಿಟಕಿಯಲ್ಲಿ ಒಂದೆರಡು ನಿಮಿಷ ಕಂಡು ಮರೆಯಾಗುತ್ತವೆ. ಆದರೆ ಹಂಪಿಯ ಕಲ್ಲಿನ ರಥ, ಕಮಲಮಹಲುಗಳಿಗಿಂತ ಮೊದಲು ನೋಡಬೇಕಾದ ಒಂದು ಸಂಗತಿ ಈ ಊರಿನ ಸುತ್ತಮುತ್ತ ಇದೆ. ಇಲ್ಲಿ ಒಂದೇ ಸೂರ್ಯನ ಕೆಳಗೆ ಎರಡು ಲೋಕಗಳಿವೆ. ಕಾಲುವೆಯ ನೀರು ಮುಟ್ಟುವ ಕಡೆ ಬಾಳೆ, ಕಬ್ಬು, ತೆಂಗು, ಭತ್ತ. ಅದು ಮುಟ್ಟದ ಕಡೆ ಬಂಡೆಗುಡ್ಡ, ಕುರುಚಲು ಗಿಡ, ಮಳೆಯನ್ನೇ ನಂಬಿದ ಹೊಲ. ನಡುವೆ ಇರುವುದು ಕೆಲವೇ ಗಜಗಳ ಅಂತರ.

2025ರ ಏಪ್ರಿಲ್‌ನಲ್ಲಿ ನಾನು ಅಲ್ಲಿಗೆ ಹೋದಾಗ ಈದುಲ್ ಫಿತ್ರ್ ಕಳೆದು ಮೂರು ವಾರಗಳಾಗಿದ್ದವು. ಹನ್ನೊಂದು ಗಂಟೆಗಾಗಲೇ ರಸ್ತೆಯಲ್ಲಿ ಜನ ವಿರಳ. ಕರಾವಳಿಯ ನಮಗೆ ಸೆಕೆ ಗೊತ್ತು, ಬೆವರು ಗೊತ್ತು. ಈ ಬಯಲುಸೀಮೆಯ ಬಿಸಿಲು ಬೇರೆ ಜಾತಿಯದು. ಇಲ್ಲಿ ಬೆವರು ಕಾಣಿಸುವುದೇ ಇಲ್ಲ, ಹೊರಬಂದ ಕೂಡಲೇ ಗಾಳಿ ಅದನ್ನು ಹೀರಿಬಿಡುತ್ತದೆ. ತುಟಿ ಒಡೆದ ಮೇಲೆಯೇ ಬಾಯಾರಿಕೆಯ ಅರಿವಾಗುವುದು. ಮನುಷ್ಯನ ಚರ್ಮಕ್ಕೆ ಆಗುವ ಇದೇ ಅನುಭವ ಗಿಡದ ಎಲೆಗೂ ಆಗುತ್ತದೆ.

ಊರಿನಲ್ಲಿ ವಿಜಯನಗರ ಕಾಲದ ಒಂದು ಬಾವಿ ಇದೆ. ಎಂಟು ಮೂಲೆಗಳ ಸುಂದರ ಕಟ್ಟಡ. ಅದರ ಕಮಾನುಗಳನ್ನು ನೋಡಿದರೆ ಬಿಜಾಪುರದ ಅಥವಾ ಕಲಬುರಗಿಯ ಯಾವುದೋ ಮಸೀದಿಯ ನೆನಪಾಗುತ್ತದೆ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಕಡ್ಡಿರಾಂಪುರದಲ್ಲಿ ಹಳೆಯ ಗೋರಿಗಳಿವೆ. ಹಂಪಿಯ ಒಳಗೆ ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯೂ ಉಳಿದಿದೆ. ವಿಜಯನಗರವೆಂದರೆ ಸುಲ್ತಾನರೊಂದಿಗಿನ ಕಾದಾಟ ಮಾತ್ರವೆಂದು ಶಾಲೆಯ ಪುಸ್ತಕಗಳಲ್ಲಿ ಓದಿದವರು ಈ ದಾರಿಯಲ್ಲೊಮ್ಮೆ ನಡೆದು ಬರಬೇಕು. ದಾರಿಹೋಕರ ಬಾಯಾರಿಕೆಗೆ ಧರ್ಮ ಯಾವುದೆಂದು ಬಾವಿ ಕೇಳುವುದಿಲ್ಲ. ಹ. ಸಅದ್ ಬಿನ್ ಉಬಾದ(ರ) ತಮ್ಮ ಮೃತ ತಾಯಿಯ ಹೆಸರಿನಲ್ಲಿ ಏನು ದಾನ ಮಾಡಲೆಂದು ಕೇಳಿದಾಗ ಪ್ರವಾದಿ(ಸ) ನೀರನ್ನೇ ಸೂಚಿಸಿದರು, ಅವರು ಬಾವಿ ತೋಡಿಸಿದರು. ಬಿಸಿಲ ನಾಡಿನಲ್ಲಿ ನಿಂತಾಗ ಆ ಉತ್ತರದ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಈ ಕಡೆಯ ರೈತರು ಜಮೀನಿನ ಬಗ್ಗೆ ಮಾತನಾಡುವಾಗ ಮೂರು ಪದಗಳು ಮತ್ತೆ ಮತ್ತೆ ಬರುತ್ತವೆ: ಖುಷ್ಕಿ, ತರಿ, ಬಾಗಾಯ್ತು. ಮೂರೂ ಫಾರ್ಸಿಯಿಂದ ಕಂದಾಯ ಇಲಾಖೆಯ ಮೂಲಕ ಕನ್ನಡಕ್ಕೆ ಬಂದವು. ಖುಷ್ಕಿ ಎಂದರೆ ಒಣಭೂಮಿ, ತರಿ ಎಂದರೆ ನೀರಾವರಿಯ ಗದ್ದೆ, ಬಾಗಾಯ್ತು ಎಂದರೆ ತೋಟ. ನಮ್ಮ ಶರೀಅತ್ ಕೂಡ ಬೆಳೆಯ ಝಕಾತ್‌ನಲ್ಲಿ ಇದೇ ವ್ಯತ್ಯಾಸವನ್ನು ಗುರುತಿಸಿದೆ. ಮಳೆಯಿಂದ ತಾನಾಗಿ ಬೆಳೆದದ್ದಕ್ಕೆ ಹತ್ತರಲ್ಲೊಂದು ಪಾಲು, ಖರ್ಚುಮಾಡಿ ನೀರು ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲೊಂದು ಪಾಲು. ನೀರಿಗಾಗಿ ಪಡುವ ಶ್ರಮಕ್ಕೆ ರಿಯಾಯಿತಿ ಕೊಟ್ಟ ಲೆಕ್ಕವದು. ಬೆಳೆಯೇ ಕೈಗೆ ಬಾರದಿದ್ದರೆ ಪಾಲೂ ಇಲ್ಲ.

ಇಲ್ಲಿನ ತರಿ, ಬಾಗಾಯ್ತುಗಳಿಗೆ ಆರುನೂರು ವರ್ಷಗಳ ಹಿನ್ನೆಲೆಯಿದೆ. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿಸಿ ಕಾಲುವೆಗಳನ್ನು ತೆಗೆಸಿದರು. ರಾಯ, ಬಸವಣ್ಣ, ತುರ್ತಾ, ರಾಮಸಾಗರ, ಕಂಪ್ಲಿ ಹೀಗೆ ಹೆಸರುಗಳು ಸಾಗುತ್ತವೆ. ಅಣೆಕಟ್ಟು ಬಂದ ಮೇಲೆ ಕೆಲವು ಹಳೆಯ ಒಡ್ಡುಗಳು ಜಲಾಶಯದಲ್ಲಿ ಮುಳುಗಿದವು. ರಾಯ, ಬಸವಣ್ಣ ಕಾಲುವೆಗಳಿಗೆ ಈಗ ಅಣೆಕಟ್ಟಿನಿಂದಲೇ ನೀರು. ವರ್ಷದ ಬಹುಭಾಗ ನೀರು ಹರಿಯುವುದರಿಂದ ಹೊಸಪೇಟೆ, ಕಂಪ್ಲಿಗಳ ಆಸುಪಾಸಿನಲ್ಲಿ ಬಾಳೆ, ಕಬ್ಬಿನಂತಹ ದೀರ್ಘಕಾಲದ ಬೆಳೆಗಳು ಸಾಧ್ಯವಾಗಿವೆ. ಹೊಸಪೇಟೆಯ ಬಳಿ ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಕೆಲಸವನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡು ಬರೆದಿದ್ದಾನೆ. ಅಂದಿನ ರಾಜಧಾನಿಯ ಲಕ್ಷಾಂತರ ಹೊಟ್ಟೆಗಳನ್ನು ತುಂಬಿಸಿದ್ದು ಈ ನೀರು.

ಮಧ್ಯಾಹ್ನದ ನಮಾಝಿನ ನಂತರ ಒಬ್ಬ ಹಿರಿಯ ರೈತರು ತಮ್ಮ ಬಾಳೆತೋಟಕ್ಕೆ ಕರೆದುಕೊಂಡು ಹೋದರು. ಊರಿನವರೆಲ್ಲ ಅವರನ್ನು ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಮನೆಯಲ್ಲಿ ದಖನಿ, ಹೊಲದಲ್ಲಿ ಕನ್ನಡ. ಕಾಲುವೆಗೆ ಹತ್ತಿರದ ಗಿಡದ ಎಲೆಯನ್ನು ಮುಟ್ಟಿ ನೋಡಲು ಹೇಳಿದರು. ಸುತ್ತಲ ಗಾಳಿ ಕುಲುಮೆಯಂತಿದ್ದರೂ ಎಲೆ ತಣ್ಣಗಿತ್ತು. ನಂತರ ತೋಟದ ಇನ್ನೊಂದು ತುದಿಗೆ, ನೀರು ಸರಿಯಾಗಿ ಏರದ ಜಾಗಕ್ಕೆ ಕರೆದೊಯ್ದರು. ಅಲ್ಲಿ ಎಲೆಯ ಎರಡೂ ಮಗ್ಗುಲು ನಡುದಂಟಿನ ಕೆಳಗೆ ಮಡಚಿಕೊಂಡು ಜೋತುಬಿದ್ದಿದ್ದವು. ಮುಟ್ಟಿದರೆ ಬಿಸಿ.

"ಬಾಳಿ ಎಲಿ ನೋಡಿದ್ರ ಸಾಕ್ರಿ, ನೆಲದಾಗ ಎಷ್ಟು ಹಸಿ ಐತಿ ಅಂತ ಗೊತ್ತಾಗ್ತೈತಿ" ಎಂದರು ಚಾಚಾ. "ನೀರು ಇದ್ರ ಈ ಬಿಸಿಲು ಏನೂ ಮಾಡಂಗಿಲ್ಲ. ನೀರು ಕಡಿಮಿ ಆದ್ರ ಅದಾ ಬಿಸಿಲು ಸುಟ್ಟು ಹಾಕ್ತೈತಿ."

ಕೃಷಿ ವಿಜ್ಞಾನಿಗಳು ದೀರ್ಘ ಲೇಖನಗಳಲ್ಲಿ ಹೇಳುವುದೂ ಇದನ್ನೇ. ಎಲೆಯ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಸಣ್ಣ ರಂಧ್ರಗಳಿವೆ. ಬೇರು ಮೇಲಕ್ಕೆ ಕಳಿಸಿದ ನೀರು ಆ ರಂಧ್ರಗಳಿಂದ ಆವಿಯಾಗಿ ಹೊರಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವ ಹಾಗೆ ಎಲೆಯೂ ತಂಪಾಗುತ್ತದೆ. ನೆಲ ಒಣಗಿದಾಗ ಗಿಡ ಇದ್ದ ನೀರನ್ನು ಉಳಿಸಿಕೊಳ್ಳಲು ರಂಧ್ರಗಳನ್ನು ಮುಚ್ಚುತ್ತದೆ. ಆಗ ನೀರು ಉಳಿಯುತ್ತದೆ, ಆದರೆ ತಂಪು ಹೋಗುತ್ತದೆ, ಆಹಾರ ತಯಾರಿಸಲು ಬೇಕಾದ ಗಾಳಿಯೂ ಒಳಬರುವುದಿಲ್ಲ. ಬಿಸಿಲಿಗೆ ರಂಧ್ರ ತೆರೆಯಬೇಕು, ಬರಕ್ಕೆ ಮುಚ್ಚಬೇಕು. ಎರಡೂ ಒಟ್ಟಿಗೆ ಬಂದರೆ ಗಿಡಕ್ಕೆ ದಾರಿಯೇ ಇಲ್ಲ. ಬರದಿಂದ ನಾಲ್ಕು ಚೀಲ, ಬಿಸಿಲಿನಿಂದ ನಾಲ್ಕು ಚೀಲ ನಷ್ಟವೆಂದು ಬೇರೆ ಬೇರೆ ಲೆಕ್ಕ ಹಾಕಿದರೆ, ಎರಡೂ ಜೊತೆಯಾಗಿ ಬಂದ ವರ್ಷ ನಷ್ಟ ಎಂಟು ಚೀಲಕ್ಕೆ ನಿಲ್ಲುವುದಿಲ್ಲ.

ಅಷ್ಟೇ ಅಲ್ಲ, ಒಂದು ಇನ್ನೊಂದನ್ನು ಸಾಕುತ್ತದೆ. ನೆಲದಲ್ಲಿ ತೇವವಿದ್ದಾಗ ಸೂರ್ಯನ ಶಾಖದ ದೊಡ್ಡ ಪಾಲು ಆ ತೇವವನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ತೇವ ಮುಗಿದ ಮೇಲೆ ಅದೇ ಶಾಖ ನೆಲವನ್ನೂ ಗಾಳಿಯನ್ನೂ ಕಾಯಿಸಲು ತೊಡಗುತ್ತದೆ. ಕಾದ ಗಾಳಿ ಮತ್ತಷ್ಟು ನೀರನ್ನು ಹೀರುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವಾಂಶ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಹೀಗಾಗಿ ಮಳೆ ಮೊದಲಿನಷ್ಟೇ ಬಂದರೂ ಬೆಳೆಗೆ ಸಿಗುವುದು ಕಡಿಮೆ. ಅಜ್ಜನ ಕಾಲದಲ್ಲಿ ಹದಿನೈದು ದಿನ ಮಳೆ ಕೈಕೊಟ್ಟರೆ ತಾಳಿಕೊಳ್ಳುತ್ತಿದ್ದ ಹೊಲ ಈಗ ಹತ್ತು ದಿನಕ್ಕೇ ಬಾಡುತ್ತದೆ ಎಂದು ಖುಷ್ಕಿಯ ರೈತರು ಹೇಳಿದರೆ ಅದು ಹಳೆಯ ಕಾಲದ ಹೊಗಳಿಕೆ ಮಾತ್ರವಲ್ಲ.

ಇದನ್ನು ನಮ್ಮ ರಾಜ್ಯ 2023ರಲ್ಲಿ ಕಣ್ಣಾರೆ ಕಂಡಿತು. ಜುಲೈಯಲ್ಲಿ ಮಳೆ ಬಂದಿತ್ತು, ರೈತರು ಬಿತ್ತಿದ್ದರು. ಆಗಸ್ಟ್‌ನಲ್ಲಿ ಮೋಡಗಳೇ ಮಾಯವಾದವು. ಭಾರತದಲ್ಲಿ 1901ರಿಂದ ಲೆಕ್ಕ ಇಡಲಾರಂಭಿಸಿದ ಮೇಲೆ ಅಷ್ಟು ಕಡಿಮೆ ಮಳೆಯಾದ ಆಗಸ್ಟ್ ಬೇರೆ ಇಲ್ಲ. ಅಷ್ಟು ಬಿಸಿಯಾದ ಆಗಸ್ಟ್ ಕೂಡ ಇಲ್ಲ. ಒಂದೇ ತಿಂಗಳು ಎರಡು ದಾಖಲೆ. ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊ ಆ ವರ್ಷ ಬಂದಿತ್ತು ನಿಜ. ಆದರೆ ಎಲ್ ನಿನೊ ಹಿಂದೆಯೂ ಬರುತ್ತಿತ್ತು. ಈಗ ಅದು ಬರುವುದು ಮೊದಲೇ ಕಾದಿರುವ ಭೂಮಿಯ ಮೇಲೆ. ಸೆಪ್ಟೆಂಬರ್‌ನಲ್ಲಿ ಸರಕಾರ ಮೊದಲು 195 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಪಟ್ಟಿ ಬೆಳೆಯುತ್ತಾ ಹೋಗಿ ರಾಜ್ಯದ 236 ತಾಲೂಕುಗಳಲ್ಲಿ 223 ಅದರಲ್ಲಿ ಸೇರಿದವು. ಸುಮಾರು 48 ಲಕ್ಷ ಹೆಕ್ಟೇರ್ ಬೆಳೆ ಹಾಳಾಯಿತು.

ಆ ಆಗಸ್ಟ್ ಮೆಕ್ಕೆಜೋಳಕ್ಕೆ ಸರಿಯಾಗಿ ಹೂ ಬಿಡುವ ಕಾಲವಾಗಿತ್ತು. ಮೆಕ್ಕೆಜೋಳದ ತುದಿಯಲ್ಲಿ ಗಂಡು ಹೂವು, ತೆನೆಯಲ್ಲಿ ರೇಷ್ಮೆಯಂತಹ ಎಳೆಗಳು. ಪರಾಗ ಉದುರುವ ನಾಲ್ಕಾರು ದಿನಗಳಲ್ಲೇ ಎಳೆಗಳು ಹೊರಬರಬೇಕು. ನೀರು ಸಾಲದಿದ್ದರೆ ಎಳೆ ಹೊರಬರುವುದು ತಡವಾಗುತ್ತದೆ, ಬಿಸಿಲು ಹೆಚ್ಚಾದರೆ ಪರಾಗ ಸಾಯುತ್ತದೆ. ಒಂದಕ್ಕೊಂದು ಭೇಟಿಯೇ ಆಗುವುದಿಲ್ಲ. ಹೊರಗಿನಿಂದ ತೆನೆ ದಪ್ಪವಾಗಿ ಕಾಣುತ್ತದೆ, ಸಿಪ್ಪೆ ಬಿಡಿಸಿದರೆ ಅಲ್ಲೊಂದು ಇಲ್ಲೊಂದು ಕಾಳು. ಶೇಂಗಾದ ಕಷ್ಟ ಇನ್ನೊಂದು ಬಗೆ. ಹೂವಿನಿಂದ ಸೂಜಿಯಂತಹ ಮೊನೆ ಇಳಿದು ಮಣ್ಣಿನೊಳಗೆ ಹೋಗಿ ಅಲ್ಲಿ ಕಾಯಿ ಕಟ್ಟಬೇಕು. ಬಿಸಿಲಿಗೆ ಗಟ್ಟಿಯಾದ ನೆಲ ಅದನ್ನು ಒಳಗೆ ಬಿಡುವುದಿಲ್ಲ. ಸಂಡೂರು ರಸ್ತೆಯ ಖುಷ್ಕಿ ಹೊಲಗಳವರಿಗೆ ಇದನ್ನು ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ.

ಹಾಗಾದರೆ ಕಾಲುವೆಯ ಈಚೆಯವರು ಸುರಕ್ಷಿತರೇ? ಹೊರನೋಟಕ್ಕೆ ಹೌದು. ಆದರೆ ಇವರ ನೀರು ಇವರ ಆಕಾಶದಿಂದ ಬರುವುದಲ್ಲ. ತುಂಗೆ, ಭದ್ರೆಯರು ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಕೂಡಲಿಯಲ್ಲಿ ಒಂದಾಗಿ ಇಲ್ಲಿಗೆ ಬರುತ್ತಾರೆ. ಆಗುಂಬೆಯ ಕಡೆ ಮಳೆ ಸುರಿದರೆ ಹೊಸಪೇಟೆಯ ಜಲಾಶಯ ತುಂಬುತ್ತದೆ, ಹೊಸಪೇಟೆಯಲ್ಲಿ ಮೋಡವೇ ಇರದಿದ್ದರೂ ಪರವಾಗಿಲ್ಲ. ಮಲೆನಾಡಿನಲ್ಲಿ ಮಳೆ ತಪ್ಪಿದರೆ ಇಲ್ಲಿ ಎರಡನೇ ಬೆಳೆ ತಪ್ಪುತ್ತದೆ. 2023ರಲ್ಲಿ ಹೀಗೇ ಆಯಿತು. ಜಲಾಶಯ ತುಂಬಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು, ಕಲಬುರಗಿಗಳಲ್ಲಿ ಉಷ್ಣತೆ ದಿನಗಟ್ಟಲೆ 40 ಡಿಗ್ರಿಯ ಮೇಲೆಯೇ ಇತ್ತು.

ಭತ್ತದ ವಿಷಯದಲ್ಲಿ ನನಗೆ ಹೊಸದಾಗಿ ತಿಳಿದದ್ದು ಕಾಲದ ಲೆಕ್ಕ. ಮಳೆ ಸಕಾಲದಲ್ಲಿ ಬಂದು ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರೆ ಮೊದಲ ಬೆಳೆ ನವೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಎರಡನೇ ನಾಟಿ ಬೇಗ ಮುಗಿದು, ಕಡು ಬೇಸಿಗೆಗೆ ಮುನ್ನವೇ ಹೂ ಬಿಟ್ಟು ಕಾಳು ಕಟ್ಟುತ್ತದೆ. ಮಳೆ ಒಂದು ತಿಂಗಳು ತಡವಾದರೆ ಎಲ್ಲವೂ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಆಗ ಎರಡನೇ ಬೆಳೆ ಹೂ ಬಿಡುವುದು ಮಾರ್ಚ್ ಕೊನೆಗೆ, ಏಪ್ರಿಲ್‌ಗೆ. ಭತ್ತದ ಹೂವು ಬೆಳಿಗ್ಗೆ ಒಂದೆರಡು ಗಂಟೆ ಮಾತ್ರ ಬಾಯಿ ತೆರೆಯುತ್ತದೆ. ಆ ಹೊತ್ತಿನಲ್ಲಿ ಉಷ್ಣತೆ 35 ಡಿಗ್ರಿ ದಾಟಿದ್ದರೆ ಪರಾಗ ಕೆಲಸ ಮಾಡುವುದಿಲ್ಲ, ಕಾಳಿನ ಬದಲು ಜೊಳ್ಳು. ಅಂದರೆ ಜೂನ್‌ನಲ್ಲಿ ಮಲೆನಾಡಿನಲ್ಲಿ ತಡವಾದ ಮಳೆ ಹತ್ತು ತಿಂಗಳ ನಂತರ ಕಂಪ್ಲಿಯ ಗದ್ದೆಯನ್ನು ಬಿಸಿಲಿನ ಬಾಯಿಗೆ ತಳ್ಳುತ್ತದೆ. ಸರಿಯಾಗಿ ಆ ದಿನಗಳಲ್ಲೇ ಕಾಲುವೆಯ ಕೊನೆಯ ಭಾಗದವರಿಗೆ ನೀರಿನ ಸರದಿಯೂ ತಪ್ಪಿದರೆ ಹೇಳುವುದೇ ಬೇಡ.

ರಾತ್ರಿಯ ಸೆಕೆಯ ಬಗ್ಗೆ ನಾವು ಫ್ಯಾನು, ಕೂಲರುಗಳ ಮಾತಾಡುತ್ತೇವೆ. ಭತ್ತಕ್ಕೂ ರಾತ್ರಿ ಬೇಕು. ಹಗಲು ಸಂಪಾದಿಸಿದ ಆಹಾರವನ್ನು ಗಿಡ ರಾತ್ರಿ ಉಸಿರಾಟಕ್ಕೆ ಖರ್ಚು ಮಾಡುತ್ತದೆ, ರಾತ್ರಿ ಬಿಸಿಯಿದ್ದಷ್ಟೂ ಖರ್ಚು ಹೆಚ್ಚು. ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಜಮೀನಿನಲ್ಲಿ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಭತ್ತ ಬೆಳೆಯುವ ಕಾಲದಲ್ಲಿ ರಾತ್ರಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ಶೇ. 10ರಷ್ಟು ಇಳಿಯುತ್ತದೆಂದು ಅದರಲ್ಲಿ ಕಂಡುಬಂತು. ಹಗಲಿನ ನಲವತ್ತು ಡಿಗ್ರಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಈ ರಾತ್ರಿಯ ಕಳ್ಳತನ ಎಲ್ಲೂ ಸುದ್ದಿಯಾಗುವುದಿಲ್ಲ.

ಲೋಕದ ಲೆಕ್ಕವನ್ನೂ ಸ್ವಲ್ಪ ನೋಡೋಣ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿ ತನ್ನ 2021ರ ವರದಿಯಲ್ಲಿ, 1950ರ ದಶಕದಿಂದೀಚೆಗೆ ಬಿಸಿಗಾಳಿ ಮತ್ತು ಬರ ಒಟ್ಟೊಟ್ಟಿಗೆ ಬರುವ ಸಂಭವ ಹೆಚ್ಚಿದೆ, ಅದರಲ್ಲಿ ಮನುಷ್ಯನ ಕೈವಾಡವಿದೆ ಎಂದು ಹೇಳಿತು. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳ ಹೊಗೆಯೇ ಇದಕ್ಕೆ ಮುಖ್ಯ ಕಾರಣ. ಕೈಗಾರಿಕೆಗಳು ಹುಟ್ಟುವ ಮೊದಲಿನ ಕಾಲಕ್ಕೆ ಹೋಲಿಸಿದರೆ 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಸುಮಾರು 1.55 ಡಿಗ್ರಿ ಹೆಚ್ಚಾಗಿತ್ತು. ಒಂದೂವರೆ ಡಿಗ್ರಿ ಎಂದರೆ ಏನು ಮಹಾ ಎನಿಸಬಹುದು. ಮನುಷ್ಯನ ಮೈಗೆ ಒಂದೂವರೆ ಡಿಗ್ರಿ ಹೆಚ್ಚಾದರೆ ನಾವು ಅದನ್ನು ಜ್ವರವೆನ್ನುತ್ತೇವೆ. ಮಲಪನಗುಡಿಯ ಖುಷ್ಕಿ ರೈತ ಸುಟ್ಟ ಡೀಸೆಲ್ ಎಷ್ಟು, ಲೋಕದ ಶ್ರೀಮಂತರು ಸುಟ್ಟದ್ದೆಷ್ಟು ಎಂದು ತೂಗಿ ನೋಡುವವರು ಯಾರೂ ಇಲ್ಲ. ನಮ್ಮ ಮನೆಯ ಮದುವೆಗಳಲ್ಲಿ ಜನರೇಟರ್ ಹಾಕಿ ಇಡೀ ಹಾಲನ್ನು ತಂಪು ಮಾಡುವಾಗ ಈ ತಕ್ಕಡಿಯ ಯಾವ ಬದಿಯಲ್ಲಿ ನಾವಿದ್ದೇವೆಂದು ಯೋಚಿಸುವುದಿಲ್ಲ.

ಬೆಳೆ ಹೋದಾಗ ಯಾರ ಕೈ ಸುಡುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಇಲ್ಲಿ ಅನೇಕರು ಲೀಜ್‌ಗೆ ಜಮೀನು ಪಡೆದು ಬೆಳೆಯುವವರು. ಪಹಣಿಯಲ್ಲಿ ಹೆಸರು ಮಾಲೀಕರದು, ಬೀಜ ಗೊಬ್ಬರದ ಸಾಲ ಇವರದು. ಬರ ಪರಿಹಾರದ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರ ಬ್ಯಾಂಕ್ ಖಾತೆಗೆ. ಒಳ್ಳೆಯ ಮಾಲೀಕರು ಅದನ್ನು ಬೆಳೆದವರಿಗೆ ಕೊಡುತ್ತಾರೆ, ಕೊಡದಿದ್ದರೆ ಕೇಳುವಂತಿಲ್ಲ. ಆ ಪರಿಹಾರವಾದರೂ ಬೇಗ ಬರುತ್ತದೆಯೇ? 2023ರ ಬರಕ್ಕೆ ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತ್ತು. ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ಆ ಹೊತ್ತಿಗೆ ಬಡ್ಡಿ ಬೆಳೆದಿತ್ತು, ಗುಳೆ ಹೋದವರು ಬೆಂಗಳೂರಿನ ಶೆಡ್ಡುಗಳಲ್ಲಿ ನೆಲೆಯೂರಿದ್ದರು. 2016ರಿಂದ ಫಸಲ್ ಬಿಮಾ ಯೋಜನೆ ಇದೆ. ಅದರಲ್ಲಿ ಸಾಮಾನ್ಯವಾಗಿ ನಷ್ಟವನ್ನು ಅಳೆಯುವುದು ಇಡೀ ಪಂಚಾಯಿತಿಯ ಸರಾಸರಿಯಿಂದ. ಒಂದೇ ಊರಿನಲ್ಲಿ ಕಾಲುವೆಯ ಈಚೆ ಹಸಿರು, ಆಚೆ ಬಿಸಿಲು ಇರುವ ಕಡೆ ಸರಾಸರಿ ಎಂಬ ಮಾತು ಯಾರಿಗೆ ನ್ಯಾಯ ಕೊಟ್ಟೀತು?

ಬೆಳೆಯ ಜೊತೆ ಬಿಸಿಲಿಗೆ ಬೀಳುವ ಇನ್ನೊಬ್ಬರಿದ್ದಾರೆ. ನಾಟಿ, ಕಳೆ, ಕೊಯ್ಲಿನ ಕೂಲಿಯ ಬಹುಪಾಲು ಹೆಂಗಸರದು. ಹೊಲದಿಂದ ಮರಳುತ್ತಿದ್ದ ಒಬ್ಬ ಅಕ್ಕನವರನ್ನು ಮಾತಾಡಿಸಿದೆ. ತಲೆಗೆ ಟವೆಲು, ಅದರ ಮೇಲೆ ಸೆರಗು, ಕೈಯಲ್ಲಿ ಖಾಲಿ ಬಾಟಲಿ. "ಮೊದ್ಲು ಹತ್ತು ಗಂಟಿಗೆ ಹೋಗ್ತಿದ್ವಿ, ಸಂಜಿ ಮಟ ಮಾಡ್ತಿದ್ವಿ. ಈಗ ಐದೂವರಿಗೆ ಹೋಗಿ ಹನ್ನೊಂದಕ್ಕ ಬಂದುಬಿಡ್ತೀವಿ. ಮನಿ ಕೆಲಸ ಯಾವಾಗ ಮಾಡ್ಬೇಕು? ಮೂರಕ್ಕ ಏಳ್ಬೇಕ್ರಿ" ಎಂದರು. ಬಿಸಿಲು ಹೆಚ್ಚಾದರೆ ಮೊದಲು ಕಡಿತವಾಗುವುದು ಹೆಂಗಸರ ನಿದ್ದೆ ಎಂಬುದನ್ನು ಯಾವ ವರದಿಯಲ್ಲೂ ನಾನು ಓದಿರಲಿಲ್ಲ.

ನಮ್ಮ ಅಡುಗೆಮನೆಗಳಿಗೂ ಈ ಬಿಸಿ ತಟ್ಟಿದೆ. 1901ರ ನಂತರದ ಅತ್ಯಂತ ಬಿಸಿಯಾದ ಮಾರ್ಚ್ ತಿಂಗಳು 2022ರಲ್ಲಿ ಬಂತು, ಉತ್ತರ ಭಾರತದ ಗೋಧಿ ಕಾಳು ಸೊರಗಿತು, ಮೇ ತಿಂಗಳಲ್ಲಿ ಗೋಧಿಯ ರಫ್ತು ನಿಂತಿತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಲಾಯಿತು. ಅದರ ಬೆನ್ನಿಗೇ ಯುಎಇ ತನ್ನ ಬಂದರುಗಳಿಂದ ಅಕ್ಕಿ ಹೊರಗೆ ಹೋಗುವುದನ್ನು ನಾಲ್ಕು ತಿಂಗಳು ತಡೆಯಿತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿಯ ಚೀಲಕ್ಕಾಗಿ ಜನ ಸಾಲು ನಿಂತರು. ಸೋನಾ ಮಸೂರಿ ಬೆಳೆಯುವುದು ಎಲ್ಲಿ? ಗಂಗಾವತಿ, ಸಿಂಧನೂರು, ಸಿರುಗುಪ್ಪ, ಕಂಪ್ಲಿಗಳ ಗದ್ದೆಗಳಲ್ಲೂ. ಕೊಲ್ಲಿಯಲ್ಲಿ ಮಗನ ಮನೆಯಲ್ಲಿ ಬೇಯುವ ಅನ್ನಕ್ಕೂ ಈ ಕಾಲುವೆಗಳಿಗೂ ನಂಟಿದೆ.

ಸಂಜೆ ಅಣೆಕಟ್ಟಿನ ಕಡೆ ಹೋದೆ. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ನೀರು ನಿಂತ ಜಲಾಶಯವಿದು. ಇಲ್ಲೊಂದು ಅಣೆಕಟ್ಟು ಬೇಕೆಂದು ಸರ್ ಆರ್ಥರ್ ಕಾಟನ್ 1860ರಲ್ಲೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1876ರಿಂದ 78ರವರೆಗಿನ ಮಹಾಕ್ಷಾಮ ಬಳ್ಳಾರಿ ಸೀಮೆಯನ್ನು ಸ್ಮಶಾನ ಮಾಡಿತು. ಅದೂ ಎಲ್ ನಿನೊ ಕಾಲದ ಬರವೇ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಉಳಿದಿರುವ ಜಾಗ ಸುಮಾರು 105.8 ಟಿಎಂಸಿ. ಬಿಸಿಲು ಹೆಚ್ಚು ನೀರು ಕೇಳುವ ಕಾಲದಲ್ಲಿ ಕೊಡ ಚಿಕ್ಕದಾಗುತ್ತಿದೆ.

ಬರದ ಮರುವರ್ಷ, 2024ರಲ್ಲಿ, ಮಳೆ ಚೆನ್ನಾಗಿ ಬಂದು ಜಲಾಶಯ ತುಂಬಿತು. ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ಒಂದು ವಾರದೊಳಗೆ ತಾತ್ಕಾಲಿಕ ತಡೆ ಕೂರಿಸಿದ್ದು ಸಾಹಸದ ಕೆಲಸ, ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಆ ದಿನಗಳಲ್ಲಿ ಮನೆಮಾತಾಗಿತ್ತು. ಮುಂದೆ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ನಾನು ಹೋದಾಗ ಚಾಚಾನ ಬಾಳೆಗೆ ಸಿಗುತ್ತಿದ್ದದ್ದು ಆ ನೀರೇ. ಆದರೆ 2025ರ ಮಳೆಗಾಲದಲ್ಲಿ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ವರ್ಷದ ಕೊನೆಗೆ ಎಲ್ಲ ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಮಳೆ ಬಂದ ವರ್ಷವೂ ಎರಡನೇ ಬೆಳೆ ಹೋಯಿತು. ಗೇಟು ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಪ್ಪತ್ತು ವರ್ಷ ಹಳೆಯ ಕಬ್ಬಿಣವನ್ನು ನಂಬಿ ನಾಲ್ಕು ಜಿಲ್ಲೆಗಳ ಅನ್ನವನ್ನು ಇಟ್ಟಿದ್ದು ಮಾತ್ರ ಜಾಣತನವಲ್ಲ.

ಬರ ಬಂದಾಗ ಈ ಸೀಮೆಯಲ್ಲಿ ಒಂದು ಕಡೆ ಹೆಂಗಸರು ಮಕ್ಕಳು ಗುರ್ಜಿ ಹೊತ್ತು ಮನೆಮನೆಗೆ ಹೋಗುತ್ತಾರೆ, ಇನ್ನೊಂದು ಕಡೆ ಈದ್ಗಾ ಮೈದಾನದಲ್ಲಿ ಇಸ್ತಿಸ್ಕಾ ನಮಾಝ್ ನಡೆಯುತ್ತದೆ. ಹಿ. 18ರಲ್ಲಿ ಅರೇಬಿಯಾದಲ್ಲಿ ಬಂದ ಬರವನ್ನು ಇತಿಹಾಸಕಾರರು ಬೂದಿಯ ವರ್ಷವೆಂದು ಕರೆದಿದ್ದಾರೆ. ಮಳೆಯಿಲ್ಲದೆ ಕಾದ ನೆಲದ ಮಣ್ಣು ಗಾಳಿಗೆ ಬೂದಿಯಂತೆ ಹಾರುತ್ತಿತ್ತಂತೆ. ಖಲೀಫಾ ಹ. ಉಮರ್(ರ) ಅಂದು ಜನರೊಂದಿಗೆ ನಿಂತು ಮಳೆಗಾಗಿ ಪ್ರಾರ್ಥಿಸಿದರು. ಅಷ್ಟಕ್ಕೇ ಕೈಕಟ್ಟಿ ಕೂರಲಿಲ್ಲ. ಸಿರಿಯಾದಿಂದ ಧಾನ್ಯ ತರಿಸಿದರು, ಆ ವರ್ಷದ ಝಕಾತ್ ವಸೂಲಿಯನ್ನು ಮುಂದೂಡಿದರು, ಜನರಿಗೆ ಸಿಗುವವರೆಗೂ ತಾವು ತುಪ್ಪ ಮುಟ್ಟಲಿಲ್ಲ. ಹ. ಯೂಸುಫ್(ಅ) ಏಳು ಸುಭಿಕ್ಷದ ವರ್ಷಗಳಲ್ಲೇ ಏಳು ಬರದ ವರ್ಷಗಳ ಸಿದ್ಧತೆ ಮಾಡಿಸಿದರು, ಕಾಳನ್ನು ತೆನೆಯಲ್ಲೇ ಉಳಿಸಿಡಲು ಹೇಳಿದರು. ನಮ್ಮಲ್ಲಿ ಜಲಾಶಯ ತುಂಬಿದ ವರ್ಷ ಬರದ ಮಾತೆತ್ತಿದರೆ ಅಪಶಕುನವೆನ್ನುತ್ತಾರೆ.

ಸಿದ್ಧತೆಯ ದಾರಿಗಳು ಇಲ್ಲದಿಲ್ಲ. ಒಂದು ಕಾಲದಲ್ಲಿ ಬಳ್ಳಾರಿ ಸೀಮೆಯ ಊಟವೆಂದರೆ ಜೋಳ, ನವಣೆ, ಸಜ್ಜೆ. ಇವುಗಳ ಬೇರು ಆಳ ಅಥವಾ ಅವಧಿ ಕಡಿಮೆ. ನವಣೆ ಮೂರು ತಿಂಗಳಲ್ಲೇ ಕೈಗೆ ಬರುತ್ತದೆ. ಕಾಲುವೆಯ ಕೊನೆಯ ಭಾಗದಲ್ಲಿ ಎರಡನೇ ಬೆಳೆಗೆ ಭತ್ತವನ್ನೇ ಹಿಡಿದು ಕೂರುವುದಕ್ಕಿಂತ ಕಡಲೆ, ಜೋಳ ಹಾಕುವುದು ಲೇಸೆಂದು ಕೃಷಿ ಇಲಾಖೆ ಹೇಳುತ್ತಲೇ ಇದೆ. ಆದರೆ ಭತ್ತಕ್ಕೆ ಇರುವ ಮಿಲ್ಲು, ದಲ್ಲಾಳಿ, ಸಾಲ, ಖಚಿತ ಗಿರಾಕಿ ನವಣೆಗೆ ಇಲ್ಲ. ಸಲಹೆ ಕೊಡುವವರು ಗಿರಾಕಿಯನ್ನೂ ತೋರಿಸಿದರೆ ರೈತ ಬದಲಾಗುತ್ತಾನೆ. ನಮ್ಮ ಮನೆಗಳಲ್ಲಿ ವಾರಕ್ಕೆರಡು ದಿನ ಜೋಳದ ರೊಟ್ಟಿಯೋ ನವಣೆಯ ಅನ್ನವೋ ಆದರೆ ಆ ಗಿರಾಕಿ ನಾವೇ ಆಗಬಹುದು. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರರು ಹೇಗೂ ಅದನ್ನೇ ಹೇಳುತ್ತಿದ್ದಾರೆ.

ಚಾಚಾ ತಮ್ಮ ಮಟ್ಟಿಗೆ ಒಂದು ಬದಲಾವಣೆ ಮಾಡಿದ್ದಾರೆ. ಕೊಯ್ದ ಬಾಳೆಯ ದಿಂಡು, ಒಣಗಿದ ಎಲೆ, ಕಬ್ಬಿನ ರವದಿಯನ್ನು ಮೊದಲೆಲ್ಲ ರಾಶಿ ಹಾಕಿ ಸುಡುತ್ತಿದ್ದರು. ಈಗ ಅದನ್ನು ಗಿಡಗಳ ಬುಡಕ್ಕೆ ಹರಡುತ್ತಾರೆ. ತೋಟದ ಒಣ ತುದಿಯಲ್ಲಿ ಅವರು ಕಾಲಿನಿಂದ ಆ ಹೊದಿಕೆಯನ್ನು ಸರಿಸಿ ತೋರಿಸಿದರು. ಮೇಲೆ ಮುಟ್ಟಲಾಗದಷ್ಟು ಬಿಸಿ, ಕೆಳಗಿನ ಮಣ್ಣು ಇನ್ನೂ ಕಪ್ಪಗೆ, ಹಸಿಯಾಗಿತ್ತು. ಮುಂದಿನ ಸರದಿಯ ನೀರಿಗೆ ಇನ್ನೂ ನಾಲ್ಕು ದಿನವಿತ್ತು. ಅಷ್ಟು ದಿನ ಇದು ತಡೆಯುತ್ತದೆಯೇ ಎಂದು ಕೇಳಿದೆ. "ನಾಕು ದಿನ ತಡೀತೈತಿ" ಎಂದರು, "ಎಂಟು ದಿನ ಆದ್ರ ಹೇಳಾಕ ಬರಂಗಿಲ್ಲ."